ನಿಮ್ಮ ಸೊಸೆ ನಿಲ್ಲಲಿ ಬಿಡಿ, ಅಕ್ಕ

ದಾಸವಾಳ ನಿಮ್ಮ ಕಡೆಗೆ ಬಾಗಿದೆ, ಕಿತ್ಕೊಳ್ಳಿ ಅಕ್ಕ, ಪೂಜೆಗೆ ಆಗುತ್ತೆ. ರಾತ್ರಿ ನಿಮ್ಮ ಮನೇಲಿ ಮಾತು ಜೋರಾಗಿತ್ತು. ಕೇಳಬೇಕು ಅಂತ ಕಾದು ನಿಂತವಳಲ್ಲ ನಾನು. ಕಿಟಕಿ ಎದುರುಬದುರು, ಕಿವಿಗೆ ಬಿತ್ತು. ಸೊಸೆ ಪಾಲಿಕೆ ಚುನಾವಣೆಗೆ ನಿಲ್ತೀನಿ ಅಂದಳು, ನೀವು ಬೇಡ ಅಂದ್ರಿ. “ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಚರಂಡಿ ಹಿಂದೆ ಓಡಾಡ್ತೀಯಾ?” ಅಂದ್ರಲ್ಲ, ಆ ಮಾತಿಗೆ ನನಗೆ ನಿದ್ದೆ ಹತ್ತಲಿಲ್ಲ.

ಚರಂಡಿ ಬೇರೆ, ಅರ್ಥಶಾಸ್ತ್ರ ಬೇರೆ ಅಲ್ಲ ಅಕ್ಕ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು ಹೇಳ್ತಿದೀನಿ. ಶೇಷಾದ್ರಿ ಅಯ್ಯರ್ ಅವರನ್ನೇ ನೋಡಿ. 1868ರಲ್ಲಿ ಮೈಸೂರು ಸೇವೆಗೆ ಸೇರಿದರು, ದಿವಾನರಾದದ್ದು 1883ರಲ್ಲಿ. ನಡುವೆ ಹದಿನೈದು ವರ್ಷ ಕೆಲಸ ಕಲಿತರು. ಆಮೇಲೆ ಹದಿನೆಂಟು ವರ್ಷ ದಿವಾನಗಿರಿ. ಶಿವನಸಮುದ್ರದಲ್ಲಿ ವಿದ್ಯುತ್ ಮಾಡೋ ಕೆಲಸ ಹಿಡಿದದ್ದು ಕೋಲಾರದ ಚಿನ್ನದ ಗಣಿಗೋಸ್ಕರ. ರಾಜ್ಯಕ್ಕೆ ಹಣ ಬರೋ ದಾರಿ ಅದು. 1902ರಲ್ಲಿ ಗಣಿಗೆ ಕರೆಂಟು ಹೋಯಿತು, ಮೂರೇ ವರ್ಷಕ್ಕೆ ಬೆಂಗಳೂರಿನ ಬೀದಿ ದೀಪ ಹೊತ್ತಿತು. ಗಣಿಯ ಲೆಕ್ಕದಿಂದ ಬೀದಿಗೆ ಬೆಳಕು ಬಂತು. ಅವರೇ ಅದನ್ನ ನೋಡಲಿಲ್ಲ, 1901ರಲ್ಲಿ ತೀರಿಕೊಂಡಿದ್ದರು. ಇದನ್ನ ಪಾಠ ಮಾಡುವಾಗೆಲ್ಲ ನನ್ನ ಗಂಟಲು ಕಟ್ಟೋದು.

ಹೆಸರಘಟ್ಟದ ನೀರು ಊರಿಗೆ ಬಂದದ್ದೂ ಅವರ ಕಾಲದಲ್ಲೇ. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಸತ್ತರಲ್ಲ, ಆ ಹೊಡೆತ ಬಿದ್ದ ಮೇಲೇ ಬಸವನಗುಡಿ, ಮಲ್ಲೇಶ್ವರ ತುಂಬಿದ್ದು. ಅಗಲ ಬೀದಿ, ಗಾಳಿ ಬೆಳಕು, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಪ್ಲೇಗ್ ಬಿದ್ದ ಊರಿನಲ್ಲಿ ವ್ಯಾಪಾರ ಎಲ್ಲಿಂದ ನಡೀಬೇಕು ಹೇಳಿ?

ಇನ್ನು ನನ್ನ ಮನಸ್ಸಿಗೆ ತೀರ ಹತ್ತಿರದವರು ಮಿರ್ಜಾ ಇಸ್ಮಾಯಿಲ್. ನಮ್ಮ ಬೆಂಗಳೂರಲ್ಲೇ ಹುಟ್ಟಿದವರು, ನಾಲ್ವಡಿಯವರ ಸಹಪಾಠಿ. 1905ರಲ್ಲಿ ಪೊಲೀಸ್ ಇಲಾಖೆ ಸೇರಿದರು, ಆಮೇಲೆ ಮಹಾರಾಜರ ಖಾಸಗಿ ಕಾರ್ಯದರ್ಶಿ, 1926ರಿಂದ ಹದಿನೈದು ವರ್ಷ ದಿವಾನರು. ಬೆಳಗ್ಗೆ ಕುದುರೆ ಏರಿ ಬೀದಿ ಬೀದಿ ನೋಡ್ಕೊಂಡು ಬರೋರು ಅಂತ ನಮ್ಮ ತಾತ ಹೇಳ್ತಿದ್ದರು. ವಿಶ್ವೇಶ್ವರಯ್ಯನವರ ಕನ್ನಂಬಾಡಿಯ ನೀರು ನಾಲೇಲಿ ಮಂಡ್ಯಕ್ಕೆ ಹರಿದದ್ದು ಮಿರ್ಜಾ ಕಾಲದಲ್ಲಿ. ನೀರು ಬಂದಮೇಲೆ ಕಬ್ಬು, ಕಬ್ಬು ಬಂದಮೇಲೆ 1933ರಲ್ಲಿ ಸಕ್ಕರೆ ಕಾರ್ಖಾನೆ. 1939ಕ್ಕೆ ಮಂಡ್ಯ ತಾನೇ ಒಂದು ಜಿಲ್ಲೆ ಆಯಿತು. ಅದೇ 1933ರಲ್ಲೇ ತಿಪ್ಪಗೊಂಡನಹಳ್ಳಿ ನೀರು ಬೆಂಗಳೂರಿಗೆ. ಭದ್ರಾವತಿಯ ಕಾಗದ, ಇಲ್ಲಿನ ಪಿಂಗಾಣಿ, 1940ರಲ್ಲಿ ವಿಮಾನ ಕಾರ್ಖಾನೆ. ಆಮೇಲೆ ಜೈಪುರದವರು ಕರೆಸಿಕೊಂಡರು. ಮಕ್ಕಳನ್ನ ಪ್ರವಾಸಕ್ಕೆ ಅಲ್ಲಿಗೆ ಕರ್ಕೊಂಡು ಹೋಗಿದ್ದಾಗ ಎಂ.ಐ. ರೋಡಿನಲ್ಲಿ ನಿಂತು, “ಈ ಎಂ.ಐ. ನಮ್ಮೂರಿನವರು ಕಣ್ರೋ” ಅಂದೆ. ಹುಡುಗರು ಬೋರ್ಡನ್ನೇ ನೋಡ್ತಾ ನಿಂತುಬಿಟ್ಟರು.

ಹೌದಕ್ಕ, ದಿವಾನರನ್ನ ಜನ ಆರಿಸಿದ್ದಲ್ಲ, ಮಹಾರಾಜರು ನೇಮಿಸಿದ್ದು. ಆ ಪದ್ಧತಿ ಮತ್ತೆ ಬರಲಿ ಅಂತ ನಾನು ಯಾವತ್ತೂ ಹೇಳೋಳಲ್ಲ. ಆದರೆ ಅವರಿಗೆ ಸಿಕ್ಕ ಕಾಲ ನಾವು ಆರಿಸಿದವರಿಗೆ ಸಿಗಲೇ ಇಲ್ಲವಲ್ಲ! 2015ರಲ್ಲಿ ಆರಿಸಿ ಬಂದ ಬಿಬಿಎಂಪಿ ಕೌನ್ಸಿಲಿನಲ್ಲಿ ಐದು ವರ್ಷಕ್ಕೆ ಐದು ಜನ ಮೇಯರ್. ಪದ್ಮಾವತಿ, ಗಂಗಾಂಬಿಕೆ, ಇಬ್ಬರು ಹೆಣ್ಣುಮಕ್ಕಳೂ ಕೂತರು, ಒಂದೊಂದೇ ವರ್ಷ. ಬಜೆಟ್ ಪುಸ್ತಕ ಓದಿ ಮುಗಿಸೋದರಲ್ಲಿ ಗೌನು ಬಿಚ್ಚಿಕೊಡಬೇಕು. 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಐದು ಪಾಲಿಕೆಗೂ ಕೆಲಸ ಬಲ್ಲವರು ಬೇಕಲ್ಲ, ಅವರು ಎಲ್ಲಿ ಕಲೀತಾರೆ ಅಕ್ಕ? ವಾರ್ಡಿನಲ್ಲೇ ಕಲೀಬೇಕು.

ಪುರಭವನದ ಮುಂದೆ ಎಷ್ಟು ಸಲ ಬಸ್ಸಿಗೆ ಕಾದಿದ್ದೀವಿ ನಾವಿಬ್ಬರೂ. ಅದರ ಮೇಲೆ ಯಾವ ದಿವಾನರ ಹೆಸರೂ ಇಲ್ಲ. ಪುಟ್ಟಣ್ಣ ಚೆಟ್ಟಿ ಅಂತ ಇದೆ, ಬೆಂಗಳೂರು ನಗರ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದವರ ಹೆಸರು. ಊರಿನ ಕಸ, ನೀರು ನೋಡಿಕೊಂಡವರನ್ನ ಊರು ಹಾಗೆ ನೆನೆಸ್ಕೊಳ್ಳುತ್ತೆ.

ನಿಮ್ಮ ಸೊಸೆ ಹೋದ ಮಳೆಗಾಲದಲ್ಲಿ ಏನು ಮಾಡಿದಳು ಗೊತ್ತಾ? ಕೆಳಗಿನ ಕ್ರಾಸಿಗೆ ನೀರು ನುಗ್ಗಿತ್ತಲ್ಲ, ಎಲ್ಲರೂ ಬೈಕೊಂಡು ಮನೇಲಿ ಕೂತ್ವಿ. ಇವಳು ಸೀರೆ ಎತ್ತಿ ಕಟ್ಟಿ ಟೈಲರ್, ಇಸ್ತ್ರಿ ಅಂಗಡಿ, ದರ್ಶಿನಿ, ಎಲ್ಲಾ ಕಡೆ ಹೋಗಿ, ಎಷ್ಟು ದಿನ ಬಾಗಿಲು ಹಾಕಿದ್ರಿ, ಎಷ್ಟು ದುಡಿಮೆ ಹೋಯಿತು ಅಂತ ನೋಟ್‌ಬುಕ್ಕಿನಲ್ಲಿ ಬರ್ಕೊಂಡಳು. ಇಂಜಿನಿಯರ್ ಮುಂದೆ ಅದನ್ನೇ ಇಟ್ಟು, ಮೋರಿ ಹೂಳು ತೆಗೆಯೋ ಖರ್ಚು ಇದರ ಮುಂದೆ ಎಷ್ಟು ಅಂತ ಕೇಳಿದಳು. ಪಕ್ಕದಲ್ಲೇ ನಿಂತಿದ್ದೆ ನಾನು. ಅವಳ ಎಂ.ಎ. ಎಲ್ಲೂ ದಂಡ ಆಗಿಲ್ಲ ಅಕ್ಕ, ಆ ನೋಟ್‌ಬುಕ್ಕಿನಲ್ಲೇ ಇದೆ.

ನಿಮ್ಮ ಭಯ ನನಗೆ ಗೊತ್ತು. ಮನೆ ಯಾರು ನೋಡ್ತಾರೆ, ಬಾಯಿಗೆ ಬಂದಂತೆ ಮಾತಾಡೋರಿಗೆ ಏನು ಹೇಳೋದು, ಅಲ್ವಾ? ಪುಟ್ಟನ್ನ ಶಾಲೆಯಿಂದ ಕರ್ಕೊಂಡು ಬರೋದು, ಸಂಜೆ ಹೋಂವರ್ಕ್ ಮಾಡಿಸೋದು ನನಗೆ ಬಿಡಿ. ಮನೆಮನೆಗೆ ಹೋಗೋ ದಿನ ನಾನೂ ಜೊತೆಗೆ ಬರ್ತೀನಿ. ಈ ಬೀದೀಲಿ ಅರ್ಧ ಮನೆಯವರು ನನ್ನ ಹತ್ತಿರ ಓದಿದವರೇ, ಬಾಗಿಲು ತೆಗೀತಾರೆ. ಅವಳು ತರಕಾರಿ ತರೋಕೆ ಹೋಗಿದಾಳಾ? ಬಂದ ಕೂಡಲೇ ಒಂದು ಕೂಗು ಹಾಕಿ ಅಕ್ಕ, ಕಾಫಿ ಡಿಕಾಕ್ಷನ್ ಇಳೀತಿದೆ, ಮೂವರೂ ಇಲ್ಲೇ ಕೂತು ಮಾತಾಡೋಣ.