ದಂಡಮೀಮಾಂಸೆ: ‘ನಾನು ಮಾಡಿಲ್ಲ’ ಎನ್ನಲು ತಗಲುವ ಖರ್ಚಿನ ಬಗ್ಗೆ ಒಂದು ಕಿರುಶಾಸ್ತ್ರ

ಹುಟ್ಟಿದವನಿಗೆ ಋಣಗಳು ಮೂರು ಎಂದರು ಹಿರಿಯರು: ದೇವಋಣ, ಋಷಿಋಣ, ಪಿತೃಋಣ. ನಾಲ್ಕನೆಯದು ಮೊಬೈಲಿಗೆ ಮೆಸೇಜಾಗಿ ಬರುತ್ತದೆ. ಅದರ ಹೆಸರು ಚಲನ್. ‘ಚಲ್’ ಧಾತುವಿನ ನಂಟಿರುವ ಪದವೊಂದು ಗಾಡಿ ನಿಂತಾಗಲೇ ಕೈಗೆ ಬರುವುದೇಕೆ ಎಂಬುದನ್ನು ವೈಯಾಕರಣರಿಗೆ ಬಿಟ್ಟು, ಈ ಪ್ರಬಂಧವು ಒಂದೇ ಗಂಟನ್ನು ಬಿಚ್ಚಲು ಕೂತಿದೆ: ತಪ್ಪು ಮಾಡದವನು ‘ಮಾಡಿಲ್ಲ’ ಎನ್ನಲು ಎಷ್ಟು ಖರ್ಚಾಗುತ್ತದೆ?

ಮೂಲಗ್ರಂಥ 1988ರ ಮೋಟಾರು ವಾಹನ ಕಾಯ್ದೆ. 2019ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದಾಗ ಹೆಲ್ಮೆಟ್ ಇಲ್ಲದ ತಲೆಗೆ 1000 ರೂಪಾಯಿ ಕಟ್ಟಿತು. ಜನ ಗೊಣಗಿದರು, ಅದೇ ತಿಂಗಳು ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಮೂವತ್ತು ದಿನದೊಳಗೆ ಕನ್ನಡಿಗರ ತಲೆಬೆಲೆ ಅರ್ಧಕ್ಕೆ ಕುಸಿದ ಈ ಘಟನೆಗೆ ಇತಿಹಾಸಕಾರರು ಸಲ್ಲಬೇಕಾದ ಗಮನ ಕೊಟ್ಟಿಲ್ಲ.

ಗ್ರಂಥದ ರತ್ನವೆಂದರೆ 208ನೇ ಕಲಂ. ಸಣ್ಣಪುಟ್ಟ ಅಪರಾಧಗಳಲ್ಲಿ ತಪ್ಪೊಪ್ಪಿಕೊಳ್ಳುವವರು ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ. ಒಂದು ರಿಜಿಸ್ಟರ್ಡ್ ಪತ್ರ ಬರೆದು, ಸಮನ್ಸಿನಲ್ಲಿ ಹೇಳಿದ ಹಣ ಕಳಿಸಿದರೆ ಆಯಿತು. ಒಪ್ಪದವನು ತಾನೇ ಬರಬೇಕು, ಇಲ್ಲವೇ ವಕೀಲರನ್ನು ಕಳಿಸಬೇಕು. ಪಾಪಕ್ಕೆ ಅಂಚೆಯಣ್ಣ ಸಾಕು, ಪುಣ್ಯಕ್ಕೆ ಕರಿಕೋಟು ಬೇಕು. ಈಗಿನ ವರ್ಚುವಲ್ ಕೋರ್ಟ್ ಇದೇ ತತ್ತ್ವವನ್ನು ಎರಡು ಆಯ್ಕೆಗಳಲ್ಲಿ ಹಿಡಿದಿಟ್ಟಿದೆ: ದಂಡ ಕಟ್ಟುತ್ತೇನೆ, ಕೇಸು ನಡೆಸುತ್ತೇನೆ. ಮೊದಲನೆಯದನ್ನು ಒತ್ತಿದರೆ ಕಾಫಿ ಆರುವುದರೊಳಗೆ ಋಣಮುಕ್ತಿ. ಎರಡನೆಯದನ್ನು ಒತ್ತಿದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ, ಅದರ ಹಿಂದೆ ಒತ್ತಿದವನೂ ಹೋಗುತ್ತಾನೆ.

ಇನ್ನು ಪ್ರಮಾಣವಿಚಾರ. ನೈಯಾಯಿಕರ ಪ್ರಮಾಣಗಳು ನಾಲ್ಕು. ನಾಲ್ಕೂ ಸಿಗ್ನಲ್ಲಿನಲ್ಲೇ ಸಿಗುತ್ತವೆ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ತರ್ಕಶಾಸ್ತ್ರ. ಆಟೋದ ಹಿಂದೆ ಹೊಗೆ ಕಂಡರೆ ಎಮಿಷನ್ ಸರ್ಟಿಫಿಕೇಟ್ ಇಲ್ಲ ಎಂದು ಪೊಲೀಸರು. ಇದು ಅನುಮಾನ. ‘ಮುಂದಿನ ಗಾಡಿಯವನೂ ಹಾಗೇ ಹೋದನಲ್ಲ ಸಾರ್’ ಎಂಬುದು ಉಪಮಾನ, ಇದುವರೆಗೆ ಯಾರಿಗೂ ಫಲ ಕೊಟ್ಟಿಲ್ಲ. ‘ಒಂದ್ನಿಮಿಷ ಇರಿ, ನಮ್ಮ ಮಾವನ ಹತ್ರ ಮಾತಾಡಿ’ ಎಂದು ಫೋನು ಚಾಚುವುದು ಶಬ್ದಪ್ರಮಾಣ. ಇದರ ಬಲ ಮಾವನನ್ನು ಅವಲಂಬಿಸಿದೆ.

ಉಳಿದದ್ದು ಪ್ರತ್ಯಕ್ಷ, ಎಂದರೆ ಕ್ಯಾಮೆರಾ. 2021ರಲ್ಲಿ ಕೇಂದ್ರ ನಿಯಮಗಳಿಗೆ ಸೇರಿದ 167ಎ ಪ್ರಕಾರ ಕ್ಯಾಮೆರಾ ಹಿಡಿದ ತಪ್ಪಿನ ನೋಟಿಸನ್ನು 15 ದಿನದೊಳಗೆ ಕಳಿಸಬೇಕು. ಅದರಲ್ಲಿ ಫೋಟೊ, ಜಾಗ, ದಿನಾಂಕ, ಸಮಯ, ಮೀರಿದ ಕಲಂ ಎಲ್ಲವೂ ಇರಬೇಕು. ಕೇಸು ನಡೆಸುವವರು ಮೊದಲು ಹುಡುಕಬೇಕಾದ ಬಿರುಕು ಇದೇ: ನಂಬರ್ ಪ್ಲೇಟಿನ 8 ನಿಜವಾಗಿ 3 ಇರಬಹುದು, ಫೋಟೊದಲ್ಲಿರುವ ಸ್ಕೂಟರಿನ ಬಣ್ಣ ಬೇರೆಯಿರಬಹುದು. ಆದರೆ ಪ್ರತ್ಯಕ್ಷವನ್ನು ಕೇಳುವ ಮುನ್ನ ನೆನಪು ಗಟ್ಟಿಯಿರಬೇಕು. 2022ರಲ್ಲಿ ಬೆಂಗಳೂರಿನ ಸವಾರನೊಬ್ಬ ಟ್ವಿಟರ್‌ನಲ್ಲಿ ಪುರಾವೆ ಕೊಡಿ ಎಂದ. ಪೊಲೀಸರು ಕೊಟ್ಟರು: ಸ್ಕೂಟರು, ನಂಬರು, ಮೇಲೊಂದು ಬರಿದಾದ ತಲೆ. ಆತ ಧನ್ಯವಾದ ಹೇಳಿ, ದಂಡ ಕಟ್ಟುತ್ತೇನೆಂದು ಒಪ್ಪಿಕೊಂಡ.

ಕೇಸು ನಡೆಸುವವರ ವಿದೇಶಿ ಪಂಥಗಳಲ್ಲಿ ಎರಡು ಉಲ್ಲೇಖಾರ್ಹ. ಸ್ಯಾನ್ ಡಿಯಾಗೋದ ಭೌತವಿಜ್ಞಾನಿ ಡಿಮಿಟ್ರಿ ಕ್ರಿಯೂಕೊವ್ ಅವರ ಮೇಲೆ ಸ್ಟಾಪ್ ಫಲಕದ ಬಳಿ ನಿಲ್ಲಿಸಲಿಲ್ಲ ಎಂಬ ಕೇಸು ಬಿತ್ತು. ಅವರು ವಕೀಲರನ್ನು ಹಿಡಿಯದೆ ನಾಲ್ಕು ಪುಟದ ಪ್ರಬಂಧ ಬರೆದರು. ಅದರ ವಾದ ಇದು: ಹಳಿಯ ಪಕ್ಕ ನಿಂತವನಿಗೆ ದೂರದ ರೈಲು ತೆವಳಿದಂತೆ ಕಂಡು, ಎದುರಿಗೆ ಬಂದಾಗ ರೊಯ್ಯನೆ ಹೋದಂತೆ ಕಾಣುತ್ತದೆ. ಪಕ್ಕದಿಂದ ನೋಡುವ ಪೊಲೀಸನ ಕಣ್ಣು ಅಳೆಯುವುದು ಕೋನದ ವೇಗವನ್ನೇ ಹೊರತು ಗಾಡಿಯ ವೇಗವನ್ನಲ್ಲ. ಕಾರು ಗಕ್ಕನೆ ನಿಂತು ಮತ್ತೆ ಹೊರಟ ಆ ಕ್ಷಣದಲ್ಲೇ ಇನ್ನೊಂದು ಕಾರು ಅಡ್ಡ ಬಂದಿತ್ತು. ಗಕ್ಕನೆ ಬ್ರೇಕ್ ಒತ್ತಿದ್ದೇಕೆ? ನೆಗಡಿಯಾಗಿತ್ತು, ಸೀನು ಬಂತು. (ಸೀನಿದರೆ ಒಂದು ಗಳಿಗೆ ಕೂತು ಹೊರಡಿ ಎಂದ ನಮ್ಮ ಅಜ್ಜಿಯರಿಗೆ ಆ ಪ್ರಬಂಧದಲ್ಲಿ ಉಲ್ಲೇಖ ಸಿಗದಿರುವುದು ವಿಷಾದನೀಯ.) ಕೇಸು ಬಿದ್ದುಹೋಯಿತು, 400 ಡಾಲರು ಉಳಿಯಿತು. 2012ರ ಏಪ್ರಿಲ್ ಆರಂಭದಲ್ಲಿ ಪ್ರಬಂಧ ಲೋಕಕ್ಕೆ ಸಿಕ್ಕಿದಾಗ, ಅದರಲ್ಲೊಂದು ದೋಷವಿದೆ, ಹುಡುಕಿ ಎಂದು ಕರ್ತೃವೇ ಓದುಗರನ್ನು ಕೆಣಕಿದರು.

ಎರಡನೆಯದು ಆರೆಗನ್ ಪಂಥ, ಸ್ವಲ್ಪ ಉಗ್ರ. 2013ರಲ್ಲಿ ಬೀವರ್ಟನ್ ಊರಿನ ಕ್ಯಾಮೆರಾ ಮಾಟ್ಸ್ ಯಾರ್ಲ್‌ಸ್ಟ್ರೋಮ್ ಅವರ ಹೆಂಡತಿಯ ಕಾರನ್ನು ಕೆಂಪು ದೀಪದಲ್ಲಿ ಹಿಡಿಯಿತು. ಗಂಡ ಲೆಕ್ಕಕ್ಕೆ ಕೂತರು: ಹಳದಿ ದೀಪ ಎಷ್ಟು ಸೆಕೆಂಡು ಉರಿಯಬೇಕೆಂಬ ಸೂತ್ರ, ತಿರುಗಲು ವೇಗ ತಗ್ಗಿಸುವವರನ್ನು ಮರೆತಿತ್ತು. ಇದನ್ನು ರಾಜ್ಯದ ಎಂಜಿನಿಯರಿಂಗ್ ಮಂಡಳಿಗೆ ತಿಳಿಸಿದಾಗ, ಲೈಸೆನ್ಸ್ ಇಲ್ಲದೆ ಎಂಜಿನಿಯರಿಂಗ್ ಮಾಡಿದ್ದಕ್ಕೆ ಮಂಡಳಿ 500 ಡಾಲರು ದಂಡ ಜಡಿಯಿತು. ದಂಡವನ್ನು ಪ್ರಶ್ನಿಸಿದ್ದಕ್ಕೇ ದಂಡ! ಅವರು ಬಿಡಲಿಲ್ಲ. 2018ರ ಕೊನೆಯಲ್ಲಿ ಫೆಡರಲ್ ಕೋರ್ಟಿನಲ್ಲಿ ಗೆದ್ದರು, 2020ರಲ್ಲಿ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಮಾರ್ಗಸೂಚಿಯನ್ನೇ ತಿದ್ದಿತು. ಒಂದು ಚೀಟಿ, ಏಳು ವರ್ಷ.

ನಮ್ಮಲ್ಲಿ ಅಷ್ಟು ವ್ಯವಧಾನ ಯಾರಿಗಿದೆ? ಕೋರ್ಟಿನ ಕಾರಿಡಾರಿನಲ್ಲಿ ನಿಂತ ನಿರಪರಾಧಿಯ ಜೇಬನ್ನೇ ನೋಡಿ. ಒಂದು ದಿನದ ರಜೆ, ಹೋಗಿಬರಲು ಆಟೋ, ಆರ್‌ಸಿ, ಡಿಎಲ್, ಇನ್ಶೂರೆನ್ಸ್‌ಗಳ ಜೆರಾಕ್ಸ್ ಎರಡೆರಡು ಪ್ರತಿ, ಕಾಯುವಾಗ ಎರಡು ಇಡ್ಲಿ ಒಂದು ವಡೆ. ಬಾಗಿಲಲ್ಲಿ ಹೆಸರು ಕೂಗಿದಾಗ ಅವನು ಜೆರಾಕ್ಸ್ ಅಂಗಡಿಯಲ್ಲಿರುತ್ತಾನೆ. ಓಡಿ ಬಂದರೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಪಿಸುಗುಟ್ಟುತ್ತಾರೆ: “ಒಪ್ಕೊಂಡ್ಬಿಡಿ ಸಾರ್, ಐನೂರ್ರುಪಾಯಿಗ್ಯಾಕೆ ಅಲೀತೀರಾ?” ಈ ವಾಕ್ಯದ ಮುಂದೆ ನಿಂತ ಸತ್ಯಸಂಧರು ಕಡಿಮೆ.

ಅದಕ್ಕೇ ನಾಡಿನಲ್ಲಿ ಬೇರೂರಿರುವುದು ಅರ್ಧದರ ಪಂಥ. ಇದರವರು ವಾದಿಸುವುದಿಲ್ಲ, ಕಟ್ಟುವುದೂ ಇಲ್ಲ, ಕಾಯುತ್ತಾರೆ. 2023ರ ಫೆಬ್ರವರಿ 3ರಿಂದ 11ರವರೆಗೆ ಶೇಕಡಾ 50 ರಿಯಾಯಿತಿ ಬಂದಾಗ ಬೆಂಗಳೂರಿನಲ್ಲಿ ಜನ ಆಷಾಢದ ಸೀರೆ ಸೇಲಿಗೆ ನಿಂತಂತೆ ನಿಂತು ನೂರು ಕೋಟಿಗೂ ಮೀರಿ ಕಟ್ಟಿದರು. 2025ರ ಆಗಸ್ಟ್ 23ರಿಂದ ಮತ್ತೆ ಅದೇ ಸೇಲು. ಮೊದಲ ದಿನವೇ ಪೂರಾ ದಂಡ ಕಟ್ಟಿದ ಪ್ರಾಮಾಣಿಕನಿಗೆ ವಾಪಸು ಕೊಡುವ ಕಲಂ ಯಾವ ಗ್ರಂಥದಲ್ಲೂ ಇಲ್ಲ.

ಕಡೆಯದಾಗಿ ಒಂದು ಬಿಡಿಸದ ಸಮಸ್ಯೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಸ್ಕೂಟರಿನ ಮೇಲೆ 643 ಕೇಸು, 3.22 ಲಕ್ಷ ರೂಪಾಯಿ ದಂಡ ಪತ್ತೆಯಾಯಿತು; ಬಹುಪಾಲು ಹೆಲ್ಮೆಟ್ ಇಲ್ಲದ್ದಕ್ಕೆ. ಮಾಲೀಕರು ಒಂದನ್ನೂ ಒಪ್ಪದೆ ಎಲ್ಲವನ್ನೂ ನಡೆಸುತ್ತೇನೆ ಎಂದು ಹಟ ಹಿಡಿದರೆನ್ನಿ. ದಿನಕ್ಕೊಂದರಂತೆ ವಿಚಾರಣೆಯಾದರೂ, ಭಾನುವಾರ ಹಬ್ಬ ಹುಣ್ಣಿಮೆ ಕಳೆದು, ಎರಡು ವರ್ಷದ ಮೇಲಾಗುತ್ತದೆ. ಅಷ್ಟೂ ದಿನ ಕೋರ್ಟಿಗೆ ಅದೇ ಸ್ಕೂಟರಿನಲ್ಲಿ, ಅದೇ ಸಿಗ್ನಲ್ ದಾಟಿ, ಅದೇ ಬರಿದಲೆಯಲ್ಲಿ ಹೋದರೆ ಕೇಸುಗಳು ಕೊನೆಗೆ ಸೊನ್ನೆಗೆ ಬರುತ್ತವೆಯೋ, 643ರಲ್ಲೇ ನಿಲ್ಲುತ್ತವೆಯೋ? ಗಣಿತದ ಮೇಷ್ಟ್ರುಗಳು ಬಿಡುವಾದಾಗ ನೋಡಬೇಕು.