ಅಂಗಳದೊಲಿ ಮೀಮಾಂಸೆ

ಅಥಾತೋ ಒಲಿ ಜಿಜ್ಞಾಸಾ. ಬ್ಯಾಸಗಿಯಲ್ಲಿ ನಲವತ್ತು ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಮನೆಯ ಹೊರಗೂ ಬೆಂಕಿ ಹಾಕುವ ಅಗತ್ಯವೇನು ಎಂಬ ವಿಚಾರವನ್ನು ಇನ್ನು ಕೈಗೆತ್ತಿಕೊಳ್ಳುತ್ತೇವೆ. ಸುತ್ತ ಕೂತು ಮೈ ಕಾಸಿಕೊಳ್ಳಲಿಕ್ಕೆ ಎನ್ನುವುದು ಪೂರ್ವಪಕ್ಷ. ಇದನ್ನು ಮಂಡಿಸುವವರು ತೋಟದ ಮನೆಯಲ್ಲಿ ಇಟ್ಟಂಗಿಯ ಬೆಂಕಿಗೂಡು ಕಟ್ಟಿಸಿ, ಅದರ ಮುಂದೆ ಫೋಟೊ ತೆಗೆಸಿಕೊಂಡ ಪಟ್ಟಣಿಗರು. ಆಳಂದ, ಅಫಜಲಪುರ, ಜೇವರ್ಗಿಯ ಆಚಾರ್ಯೆಯರು ಇದನ್ನು ಖಂಡಿಸುತ್ತಾರೆ. ಮೈ ಕಾಸುವ ಕೆಲಸವನ್ನು ಯುಗಾದಿಯಿಂದ ಮಿರಗದ ಮಳೆಯವರೆಗೆ ಸೂರ್ಯನೇ ಪುಕ್ಕಟೆ ಮಾಡುತ್ತಾನೆ. ಅಂಗಳದ ಒಲಿ ಇರುವುದು ಜಳಕದ ನೀರಿಗೆ, ರೊಟ್ಟಿಗೆ, ಊರ ಸುದ್ದಿಗೆ. ಇದು ಸಿದ್ಧಾಂತ.

ಮೊದಲನೆಯದು ಮಣ್ಣಿನ ಅಧಿಕರಣ. ತೊಗರಿಗೆ ಒಗ್ಗಿದ ಎರಿಮಣ್ಣು ಒಲಿಗೆ ಒಗ್ಗುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈಬೆರಳು ತೂರುವಷ್ಟು ಬಿರಿಯುತ್ತದೆ. ಆದ್ದರಿಂದ ಹುತ್ತದ ಮಣ್ಣು ತಂದು, ಸಗಣಿ ಮತ್ತು ಹೊಟ್ಟು ಕಲಸಿ ತುಳಿಯಬೇಕು. ನಾಗರಪಂಚಮಿಗೆ ಹಾಲೆರೆದ ಹುತ್ತಕ್ಕೇ ಗುದ್ದಲಿ ಹಾಕುವಾಗ ನಾಗಪ್ಪನ ಒಪ್ಪಿಗೆ ಪಡೆಯುವ ವಿಧಾನ ಯಾವ ಶಾಸ್ತ್ರದಲ್ಲೂ ಇಲ್ಲ. ಗುದ್ದಲಿ ಹಾಕುವವನು ಎರಡು ಸಲ ಕೆಮ್ಮುವುದು ರೂಢಿ.

ಕಲ್ಲಿನ ವಿಷಯದಲ್ಲಿ ತಾಲೂಕು ತಾಲೂಕಿಗೆ ಭಿನ್ನಮತ. ಆಳಂದದ ಕಡೆಯದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆರಿದ ಕರಿಕಲ್ಲು. ಹುಟ್ಟುವಾಗಲೇ ಅಷ್ಟು ಬೆಂಕಿ ಕಂಡದ್ದು ನಾಲ್ಕು ಕಟಗಿಗೆ ಬೆದರೀತೇ? ಜೇವರ್ಗಿಯ ಕಡೆ ಸಿಗುವುದು ಸುಣ್ಣದಕಲ್ಲು, ಶಹಾಬಾದ ಫರಸಿಯ ಬಳಗ. ಅದರ ಪದರುಗಳ ನಡುವೆ ಪಸೆ ಉಳಿದಿದ್ದರೆ ಕಾಯ್ದ ಕೂಡಲೇ ಚಟ್ಟನೆ ಸಿಡಿದು ಚಕ್ಕೆ ಮೊಣಕಾಲಿಗೆ ಬರುತ್ತದೆ. ಹೀಗಾಗಿ ಫರಸಿಯನ್ನು ಕೂಡಲಿಕ್ಕೆ ಮಾತ್ರ ಹಾಕಬೇಕೆಂದು ನಿರ್ಣಯ. ಅಫಜಲಪುರದವರು ಈ ವಾದಕ್ಕೆ ಬರಲಿಲ್ಲ. ಮೂರು ಇಟ್ಟಂಗಿ ಇಟ್ಟು ಅಷ್ಟರಲ್ಲಿ ಚಹಾ ಮುಗಿಸಿದ್ದರು.

ಉರುವಲಿಗೆ ತೊಗರಿ ಕಟಗಿಯೇ ಪ್ರಮಾಣ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಆ ಬೇಳೆಯನ್ನು ಬೇಯಿಸಿದ ಕಟಗಿಯ ಹೆಸರು ಯಾರೂ ಎತ್ತಲಿಲ್ಲ. ಕಬ್ಬಿನ ರವದಿ ಭಗ್ಗೆಂದು ಎದ್ದು, ಹಂಡೆ ಬೆಚ್ಚಗಾಗುವ ಮೊದಲೇ ಬೂದಿ. ಕುಳ್ಳು ಮುಂಜಾನೆ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಮನಸ್ಸು ಮಾಡುತ್ತದೆ. ತೊಗರಿ ಕಟಗಿ ಲಗೂನೆ ಹೊತ್ತಿ ಖಡಕ್ ಉರಿ ಕೊಡುತ್ತದೆ, ಆದರೆ ತೆಳ್ಳಗಿರುವುದರಿಂದ ಒಂದೇಸವನೆ ಒಳಗೆ ನೂಕುತ್ತಿರಬೇಕು. ಹೀಗಾಗಿ ಒಲಿ ಮುಂದೆ ಒಬ್ಬರು ಕೂತೇ ಇರಬೇಕಾಗುತ್ತದೆ. ಕೂತವರು ಹಂಚಿನ ಮೇಲಿನ ರೊಟ್ಟಿ ತಿರುವುತ್ತಾರೆ, ಬೆಂದದ್ದನ್ನು ಕೆಂಡದ ಎದುರು ಓರೆಯಾಗಿ ನಿಲ್ಲಿಸಿ ಖಡಕ್ ಮಾಡುತ್ತಾರೆ, ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾರೆ. ಕನ್ಯೆ ಯಾರ ಮನೆಯದು, ತೊಗರಿ ಏನು ರೇಟಿಗೆ ಹೋಯಿತು, ಗಾಣಗಾಪುರದ ಹುಣ್ಣಿಮೆಗೆ ಯಾರು ಹೋದರು, ಎಲ್ಲವೂ ಇಲ್ಲಿ ದಾಖಲಾಗುತ್ತದೆ. ಒಳಗಿನ ಗ್ಯಾಸ್ ಒಲಿ ತಿರುವಿದರೆ ತಾನೇ ಉರಿಯುತ್ತದೆ. ಅದರ ಮುಂದೆ ಕೂತು ಯಾರಿಗೆ ಏನು ತಿಳಿದೀತು?

ಎಲ್ಲಕ್ಕಿಂತ ಜಟಿಲವಾದದ್ದು ಒಡೆತನದ ಪ್ರಶ್ನೆ. ನಮ್ಮದೇ ಜಿಲ್ಲೆಯ ಮರತೂರಿನವನೆಂದು ಹೇಳುವ ವಿಜ್ಞಾನೇಶ್ವರ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರ ಬರೆದು, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ಜನಗಣತಿಯವರು ಒಂದೇ ಅಡುಗೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಎನ್ನುತ್ತಾರೆ. ಈಗ ಒಂದು ಮನೆ ನೋಡಿ. ಅಣ್ಣತಮ್ಮಂದಿರು ಬ್ಯಾರೆ ಆಗಿದ್ದಾರೆ. ಒಳಗೆ ಎರಡು ಅಡುಗೆ, ಎರಡು ಸಿಲಿಂಡರ್, ನಡುವೆ ಗ್ವಾಡಿ. ಅಂಗಳದಲ್ಲಿ ಮಾತ್ರ ಒಂದೇ ಒಲಿ, ಒಂದೇ ತಾಮ್ರದ ಹಂಡೆ. ಮುಂಜಾನೆ ಎರಡೂ ಮನೆಯ ಮಂದಿ ಅದರಲ್ಲೇ ನೀರು ತೋಡಿಕೊಳ್ಳುತ್ತಾರೆ. ಉಂಡದ್ದರಿಂದ ಎರಡಾದವರು ಜಳಕದಿಂದ ಒಂದಾದರೆ ಗಣತಿದಾರ ಏನು ಬರೆದುಕೊಳ್ಳಬೇಕು? ವಿಜ್ಞಾನೇಶ್ವರನೂ ಹಂಡೆಯ ಮಾತು ಎತ್ತಿದಂತಿಲ್ಲ. ಹೊಲ ಪಾಲಾಗುತ್ತದೆ, ಬಾವಿಯಲ್ಲೂ ಸರದಿ ಹಚ್ಚಬಹುದು, ಬಿಸಿನೀರನ್ನು ಆರುವುದರೊಳಗೆ ಪಾಲು ಮಾಡುವ ನ್ಯಾಯಾಲಯ ಮಾತ್ರ ಇನ್ನೂ ಹುಟ್ಟಿಲ್ಲ.

ಕಡೆಯದು ಹೊಗೆಯ ಅಧಿಕರಣ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ. ಒಲಿಯ ಬಾಯಿ ಯಾವ ಕಡೆ ಇಟ್ಟರೂ ವರ್ಷದಲ್ಲಿ ಒಂದಿಷ್ಟು ತಿಂಗಳು ಹೊಗೆ ಪಕ್ಕದ ಮನೆಗೇ ಹೊರಡುತ್ತದೆ, ಅದೂ ಮಾಳಿಗೆಯ ಮೇಲೆ ಸೇವಿಗಿ ಒಣಹಾಕಿದ ದಿನವೇ.

"ಯಕ್ಕಾ, ಹೊಗಿ ಎಲ್ಲಾ ನಮ್ ಕಡೀನೇ ಬರ್ಲತ್ತದ ನೋಡು!"

"ಗಾಳಿಗಿ ನಾ ಏನ್ ಹೇಳ್ಲಿ, ತಂಗಿ?"

ಇಲ್ಲಿಗೆ ವಾದ ನಿಲ್ಲುವುದಿಲ್ಲ. ಸಂಜೆಗೆ ಈ ಕಡೆಯಿಂದ ಒಂದು ಬಟ್ಟಲು ಹೋಳಿಗಿ ಸಾರು ಹೋಗಬೇಕು. ಬಟ್ಟಲು ಮರುದಿನ ಏನಾದರೂ ತುಂಬಿಕೊಂಡು ವಾಪಸ್ ಬಂದರೆ ವ್ಯಾಜ್ಯ ವಜಾ. ಖಾಲಿ ಬಂದರೆ ಒಲಿ ಒಡೆದು ಬಾಯಿ ತಿರುಗಿಸತಕ್ಕದ್ದು.