ತಂತಿಗೆ ಸೋಡಚೀಟಿ

ಬೈಲಹೊಂಗಲದ ಬಜಾರದಲ್ಲಿ ಇಲಿ ಪಾಷಾಣವನ್ನು ಕೂಗಿ ಕೇಳಬಹುದು, ಕೂಗಿ ಕೊಡುತ್ತಾರೆ. ಬ್ರಾ ಮಾತ್ರ ಹಳೇ ಪೇಪರಿನಲ್ಲಿ ಸುತ್ತಿಕೊಂಡು, ಮೇಲೊಂದು ಕರಿ ಚೀಲ ಹೊದ್ದು, ಕೌಂಟರಿನ ಕೆಳಗಿನಿಂದ ಕೈಗೆ ಬರುತ್ತದೆ. ಅಂಗಡಿಯವ ಪಾಪ ನೆಲ ನೋಡುತ್ತ “ಸೈಜ್ ಎಷ್ಟ್ರಿ ಅಕ್ಕಾರ?” ಅನ್ನುತ್ತಾನೆ. ನಾವೂ ನೆಲ ನೋಡುತ್ತಲೇ ಇಂಚಿನ ಲೆಕ್ಕ ಹೇಳುತ್ತೇವೆ. 1956ರಲ್ಲಿ ಕಾಯ್ದೆ ಮಾಡಿ ಇಡೀ ದೇಶವನ್ನು ಮೀಟರಿಗೆ ಹೊಂದಿಸಿದರೂ ಟಿವಿ ಮತ್ತು ಬ್ರಾ ಎರಡೂ ಇಂಚು ಬಿಟ್ಟು ಕದಲಲಿಲ್ಲ. ಬಣ್ಣ ಯಾವುದೆಂದು ಕೇಳಿದರೆ “ಸ್ಕಿನ್ ಕಲರ್” ಅನ್ನುತ್ತಾನೆ. ಅದು ಯಾರ ಚರ್ಮದ ಬಣ್ಣವೋ! ಎರಿಮಣ್ಣಿನ ನಮ್ಮ ಸೀಮೆಯಲ್ಲಿ ಆ ಬಣ್ಣದವರನ್ನು ನಾನಿನ್ನೂ ಕಂಡಿಲ್ಲ.

ಈ ವ್ಯವಹಾರ ಇಷ್ಟು ಗುಟ್ಟಿನಲ್ಲಿ ನಡೆಯುವುದರಿಂದಲೇ ನಮ್ಮ ಮೈಮೇಲೆ ತಂತಿ ಏರಿತು. ಪೊಟ್ಟಣ ಬಿಚ್ಚಿ ನೋಡುವಂತಿಲ್ಲ, ಹಾಕಿ ನೋಡುವಂತಿಲ್ಲ. ಮನೆಗೆ ಬಂದ ಮೇಲೆಯೇ ಒಳಗೆ ಏನಿದೆ ಎಂದು ತಿಳಿಯುವುದು. ಗೊತ್ತಿಲ್ಲದ ಗಂಡಸರಿಗಾಗಿ ಹೇಳುತ್ತೇನೆ: ಒಂದೊಂದು ಕಪ್ಪಿನ ಬುಡದಲ್ಲೂ ಅರ್ಧಚಂದ್ರಾಕಾರದ ಒಂದು ಚಪ್ಪಟೆ ಉಕ್ಕಿನ ತಂತಿ ಇರುತ್ತದೆ. ಎರಡೂ ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ. ಟೊಪ್ಪಿಗೆ ಇರುವ ತನಕ ಅದು ಸಂಭಾವಿತ. ಕಳಚಿದ ಮೇಲೆ ಬಟ್ಟೆಗೆ ತೂತು ಹಾಕಿ ಬಗಲಿನ ಕಡೆ ಇಣುಕತೊಡಗುತ್ತದೆ. ನಾನು ಗಣಿತದ ಮಾಸ್ತರಿಣಿ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಚುಚ್ಚು, ಇಳಿಸಿದರೆ ಇನ್ನೊಂದು ಚುಚ್ಚು. ಪೈಥಾಗೊರಸನ ಪ್ರಮೇಯದ ನಡುವೆ ನಾನು “ಸ್ಸ್...” ಎಂದಾಗಲೆಲ್ಲ ಮಕ್ಕಳು ಪ್ರಮೇಯ ಅಷ್ಟು ಕಠಿಣವಿರಬೇಕೆಂದು ಗಂಭೀರರಾಗುತ್ತಿದ್ದರು.

ಒಗೆಯುವ ಪಾಡು ಬೇರೆ. ತಣ್ಣೀರಿನಲ್ಲಿ ಮೆಲ್ಲಗೆ ತೊಳೆಯಬೇಕು, ಹಿಂಡಬಾರದು ಎಂದು ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ನಮ್ಮ ಕಡೆ ಅರಿವಿ ಒಗೆಯುವುದೆಂದರೆ ಕಲ್ಲಿಗೆ ಬಡಿಯುವುದು. ಮುನವಳ್ಳಿಯ ಹೊಳೆದಂಡೆಯಿರಲಿ, ನಮ್ಮ ಹಿತ್ತಲಿರಲಿ, ಕಲ್ಲಿಗೆ ಆ ಚೀಟಿ ಓದಲು ಬರುವುದಿಲ್ಲ. ನಾಲ್ಕು ಏಟು ಬಿದ್ದರೆ ಒಂದು ತಂತಿ ಮ್ಯಾಲೆ, ಒಂದು ತಂತಿ ಕೆಳಗೆ, ಥೇಟ್ ಮುದಿ ಎಮ್ಮೆಯ ಕೋಡು. ಅದನ್ನು ಮತ್ತೆ ಟವೆಲಿನ ಮರೆಯಲ್ಲಿ, ಬಿಸಿಲು ತಾಗದ ಹಾಗೆ, ಯಾರ ಕಣ್ಣಿಗೂ ಬೀಳದ ಹಾಗೆ ಒಣಗಿಸಬೇಕು!

ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ಎಲ್ಲ ಹೆಂಗಸರಂತೆ ನಾನೂ ಕುಣಿದೆ. ಟಿಕೆಟ್ಟಿಗೆ ದುಡ್ಡಿಲ್ಲ, ಸರಿ. ಆದರೆ ಸೀಟೂ ಇಲ್ಲ. ಬೈಲಹೊಂಗಲದಿಂದ ಸವದತ್ತಿಯ ತನಕ ಒಂದು ಕೈ ಎತ್ತಿ ಮೇಲಿನ ಸರಳು ಹಿಡಿದು ನಿಲ್ಲಬೇಕು. ಕೈ ಎತ್ತಿದೊಡನೆ ತಂತಿ ತನ್ನ ಜಾಗ ಬಿಟ್ಟು ಮೇಲೆ ಹತ್ತುತ್ತದೆ, ಬಸ್ಸು ತೆಗ್ಗಿಗೆ ಬಿದ್ದಾಗ ಪಕ್ಕೆಲುಬಿನ ಮೇಲೆ ಇಳಿಯುತ್ತದೆ. ಈ ರಸ್ತೆಯ ತೆಗ್ಗುಗಳ ಲೆಕ್ಕ ಲೋಕೋಪಯೋಗಿಯವರಿಗಿಂತ ನನ್ನ ಎಡ ಪಕ್ಕೆಲುಬಿಗೆ ಚೆನ್ನಾಗಿ ಗೊತ್ತಿದೆ.

ಎದೆಗೆ ಇಂಥದ್ದನ್ನು ಮೊದಲು ಮಾಡಿದವರು ಯಾರು ಎಂದು ಸಿಟ್ಟಿನಿಂದಲೇ ಹುಡುಕಿದೆ. ಗಂಡಸೇ ಇರಬೇಕೆಂದು ಬೈಗುಳ ಸಿದ್ಧ ಮಾಡಿಕೊಂಡಿದ್ದೆ. ನೋಡಿದರೆ ನ್ಯೂಯಾರ್ಕಿನ ಮೇರಿ ಟುಸೆಕ್ ಎಂಬಾಕೆ. ಎದೆಯ ಕೆಳಗೆ ಲೋಹದ್ದೋ ರಟ್ಟಿನದೋ ಪಟ್ಟಿ ಕೊಟ್ಟು ಎತ್ತಿ ಹಿಡಿಯುವ ಸಾಧನಕ್ಕೆ 1893ರಲ್ಲಿ ಪೇಟೆಂಟ್ ಪಡೆದಾಕೆ. ಅಂದರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದಾಗ ಈ ವಸ್ತು ಭೂಮಿಯ ಮೇಲೆ ಇರಲೇ ಇಲ್ಲ. ಚೆನ್ನಮ್ಮ ರಾಣಿ ಏನು ಉಡುತ್ತಿದ್ದಳೆಂದು ಮಾತಾಡುವ ಯೋಗ್ಯತೆ ನನ್ನದಲ್ಲ, ನಾನು ಹೇಳುತ್ತಿರುವುದು ತಾರೀಖು ಮಾತ್ರ. ಕುದುರೆ ಹತ್ತಲಿಕ್ಕೆ, ಕತ್ತಿ ಎತ್ತಲಿಕ್ಕೆ ತಂತಿ ಬೇಕಾಗಲಿಲ್ಲ. ಬಸ್ಸಿನ ಸರಳು ಹಿಡಿಯಲು ನನಗೇಕೆ ಬೇಕು?

ಗಂಡಸರನ್ನು ಪೂರ್ತಿ ಬಿಡುವಂತಿಲ್ಲ. ವಿಮಾನ ಕಟ್ಟುತ್ತಿದ್ದ ಹೋವರ್ಡ್ ಹ್ಯೂಸ್ ಎಂಬ ಕೋಟ್ಯಧೀಶ ಸಿನಿಮಾವನ್ನೂ ತೆಗೆಯುತ್ತಿದ್ದ. 1943ರಲ್ಲಿ ಬಿಡುಗಡೆಯಾದ ತನ್ನ ‘ದಿ ಔಟ್‌ಲಾ’ ಚಿತ್ರದ ನಾಯಕಿ ಜೇನ್ ರಸೆಲ್‌ಗಾಗಿ ತಾನೇ ಲೆಕ್ಕ ಹಾಕಿ ಒಂದು ತಂತಿ ಬ್ರಾ ಮಾಡಿಸಿದ. ಆಕೆ ಅದನ್ನು ಹಾಕಿಕೊಳ್ಳಲೇ ಇಲ್ಲ. ತನ್ನದೇ ಹಳೆಯದನ್ನು ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತಳು, ಅವನಿಗೆ ಗೊತ್ತೂ ಆಗಲಿಲ್ಲ. ಈ ಸತ್ಯವನ್ನು ಬಹಳ ವರ್ಷಗಳ ನಂತರ ತನ್ನ ಆತ್ಮಕಥೆಯಲ್ಲಿ ಬರೆದಳು. ಜಾಣೆ!

ನನ್ನ ತವರು ರಾಮದುರ್ಗ, ನೇಕಾರರ ಊರು. ಅದಿನ್ನೂ ಸಂಸ್ಥಾನವಾಗಿದ್ದಾಗ ಹುಟ್ಟಿದ ನಮ್ಮ ಆಯಿ ಕೊನೆಯ ತನಕ ತೊಟ್ಟದ್ದು ಗುಳೇದಗುಡ್ಡದ ಖಣದ ಕುಪ್ಪಸ. ಅದಕ್ಕೆ ಗುಂಡಿಯಿಲ್ಲ, ಹುಕ್ಕಿಲ್ಲ. ಮುಂದಿನ ಎರಡು ಚುಂಗುಗಳನ್ನು ಎಳೆದು ಎದೆಯ ಕೆಳಗೆ ಒಂದು ಗಂಟು, ಮುಗಿಯಿತು. ಬಸಿರಾದಾಗ ಗಂಟು ಸಡಿಲ, ಬಾಣಂತನದಲ್ಲಿ ಬಿಚ್ಚಲು ಸಲೀಸು, ಹೋಳಿಗೆ ಉಂಡ ದಿನ ಇನ್ನಷ್ಟು ಸಡಿಲ, ಮುಪ್ಪಿನಲ್ಲಿ ಮೈ ಇಳಿದಾಗ ಬಿಗಿ. 34 ಅಲ್ಲ, 36 ಅಲ್ಲ, ಆವತ್ತಿನ ಮೈ ಎಷ್ಟೋ ಅಷ್ಟೇ ಸೈಜು. ಹಾಗಂತ ಆಯಿಯ ಕಾಲವೇ ಚೆಂದವೆಂದು ನಾನು ಹಾಡುವುದಿಲ್ಲ. ಕುಪ್ಪಸದ ತೋಳು ಬಲು ಬಿಗಿ. ಬ್ಯಾಸಗಿಯಲ್ಲಿ ಬಗಲೆಲ್ಲ ಬೆವರುಸಾಲೆ ಎದ್ದು ಆಯಿ ಬೀಸಣಿಕೆ ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಖಣ ಮಾತ್ರ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಸವದತ್ತಿಯ ಏಳುಕೊಳ್ಳದ ಎಲ್ಲಮ್ಮನಿಗೆ ಉಡಿ ತುಂಬುವಾಗ ಕಾಯಿ, ಬಳೆ, ಅರಿಷಿಣದ ಜೊತೆ ಖಣವನ್ನೇ ಇಡುತ್ತೇವೆ. ಭಾರತ ಹುಣ್ಣಿಮೆಗೆ ಗುಡ್ಡದ ಅಂಗಡಿ ಸಾಲಿನಲ್ಲಿ ನಡೆದು ನೋಡಿರಿ. ಅವ್ವನಿಗೆ ಮೆತ್ತನ್ನ ಬಟ್ಟೆ ಕೊಟ್ಟು, ನಾವು ಉಕ್ಕು ತೊಟ್ಟು ಮೆಟ್ಟಲು ಹತ್ತುತ್ತೇವೆ.

ತಂತಿಗೂ ನನಗೂ ಸೋಡಚೀಟಿ ಆದದ್ದು ಕಿತ್ತೂರು ಉತ್ಸವದಲ್ಲಿ. ಮಂತ್ರಿಗಳು ಬರುವವರಿದ್ದರು. ಬಾಗಿಲಿಗೆ ಲೋಹ ಹಿಡಿಯುವ ಚೌಕಟ್ಟು ನಿಲ್ಲಿಸಿದ್ದರು. ನಾನು ಕಾಲಿಟ್ಟೆ, ಅದು ಕಿರುಚಿತು. ಬಳೆ ತೆಗೆದೆ, ಕಿರುಚಿತು. ಹಿಂದೆ ನಮ್ಮ ಶಾಲೆಯ ಹುಡುಗರ ಸಾಲು. ಮಹಿಳಾ ಪೇದೆ ಮಗ್ಗಲಿಗೆ ಕರೆದು ಕೈಯ ಯಂತ್ರ ಆಡಿಸಿದಳು. ಅದು ಸರಿಯಾಗಿ ಅಲ್ಲಿಗೇ ಬಂದು ಕುಂಯ್‌ಗುಟ್ಟಿತು.

“ಏನೈತ್ರಿ ಅಕ್ಕಾರ ಒಳಗ?”

“ತಂತಿ ಐತವಾ.”

ಆಕೆ ಒಮ್ಮೆ ಆಚೀಚೆ ನೋಡಿ ದನಿ ತಗ್ಗಿಸಿದಳು. “ನಂದೂ ಅದ ಕತಿ ರೀ. ಮುಂಜಾನಿಂದ ನಿಂತೇನಿ, ಜೀವ ಹೋಗಾಕತ್ತೈತಿ. ನಡೀರಿ ಒಳಗ.”

ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡು ಬ್ರಾಗಳ ಒಳಗಿನ ಬಟ್ಟೆಯ ಕೊಳವೆಗಳ ತುದಿ ಕತ್ತರಿಸಿ ತಂತಿಗಳನ್ನೆಲ್ಲ ಹೊರಗೆಳೆದೆ. ಪಡಸಾಲೆಯಲ್ಲಿ ಅವು ಸಾಲಾಗಿ ಬಿದ್ದದ್ದನ್ನು ಕಂಡು ಅತ್ತಿ, “ಇವೇನವಾ, ಯಾವ ಗಾಡಿ ಸಾಮಾನು?” ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. “ಇಷ್ಟ ವರ್ಷ ಇದನ್ನ ಎದಿ ಮ್ಯಾಲ ಕಟಗೊಂಡ ತಿರಗೀದಿ? ನಾ ನಿನಗ ಸಿಟ್ಟು ಜಾಸ್ತಿ ಅಂತ ತಿಳದಿದ್ನಿ.” ಈಗ ಆ ತಂತಿಗಳು ಹಿತ್ತಲಿನಲ್ಲಿ ಅತ್ತಿಯ ಹೀರಿಬಳ್ಳಿಯನ್ನು ಹಂದರಕ್ಕೆ ಹಿಡಿದು ನಿಲ್ಲಿಸಿವೆ. ಬಳ್ಳಿ ಈವರೆಗೆ ತಕರಾರು ಮಾಡಿಲ್ಲ.

ಮುಂದೇನು ಎಂಬುದೇ ಪ್ರಶ್ನೆ. ಹುಬ್ಬಳ್ಳಿಯಲ್ಲಿ ಓದುವ ಮಗಳು ಮೊಬೈಲಿನಲ್ಲೇ ಒಂದು ಸ್ಪೋರ್ಟ್ಸ್ ಬ್ರಾ ತರಿಸಿಕೊಟ್ಟಳು. ಅದನ್ನು ತಲೆಯ ಮೇಲಿಂದ ಹಾಕಿಕೊಳ್ಳುವುದೇ ಒಂದು ಕ್ರೀಡೆ, ಬೆವರಿದ ಮೇಲೆ ತೆಗೆಯುವುದು ಫೈನಲ್ ಪಂದ್ಯ. ಆದರೂ ಅದರ ಹುಟ್ಟಿನ ಕತೆ ಕೇಳಿ ನನಗೆ ಅದರ ಮೇಲೆ ಪ್ರೀತಿ. 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್ ಮತ್ತು ಗೆಳತಿಯರು ಓಡುವಾಗ ತೊಡಲು ಸರಿಯಾದದ್ದು ಸಿಗದೆ, ಗಂಡಸರ ಎರಡು ಆಟದ ಲಂಗೋಟಿಗಳನ್ನು ಕೂಡಿಸಿ ಹೊಲಿದರಂತೆ. ನಮ್ಮ ಸೀಮೆಯ ಗರಡಿಮನೆಗಳಲ್ಲಿ ತಲೆಮಾರುಗಳಿಂದ ಲಂಗೋಟಿ ಒಣಗುತ್ತ ಬಂದಿದ್ದರೂ ಯಾವ ಹೆಣ್ಣುಮಗಳಿಗೂ ಈ ವಿಚಾರ ಹೊಳೆಯಲಿಲ್ಲ. ಹೊಳೆದಿದ್ದರೂ ಪೈಲ್ವಾನರು ಕೊಡುತ್ತಿದ್ದರೋ ಇಲ್ಲವೋ.

ಕೊನೆಗೆ ನಮ್ಮ ಓಣಿಯ ಟೇಲರ್ ಅಕ್ಕನೇ ದಾರಿ ತೋರಿಸಿದಳು. ಮೆತ್ತನ್ನ ಹತ್ತಿ ಬಟ್ಟೆ, ಮುಂದೆ ಹುಕ್ಕು, ಅಗಲ ಪಟ್ಟಿ, ಹಳೇ ಕಾಲದ ಬಾಡಿಯ ಅಳತೆ. ಎಪ್ರಿಲ್ ಬಿಸಿಲಿನಲ್ಲಿ ಅದನ್ನು ತೊಟ್ಟು ನಿಂತಾಗ ನೆನಪಾಯಿತು: ಇದು ಹತ್ತಿ ಬೆಳೆಯುವ ನಾಡು, ನಮ್ಮೂರು ಹತ್ತಿ ವ್ಯಾಪಾರಕ್ಕೆ ಹೆಸರಾದ ಊರು. ಸುತ್ತ ಅರಳೆ ತುಂಬಿದ ಗಾಡಿಗಳು ಓಡಾಡುತ್ತಿರುವಾಗ ನಾನು ಫೋಮು, ನೈಲಾನು, ಉಕ್ಕು ತೊಟ್ಟು ಬೇಯುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ಚರ್ಚೆಯಾಗದೆ ಇರುತ್ತದೆಯೇ? “ಶೇಪ್ ಹೋಗತೈತಲ್ಲ” ಎಂದಳು ಒಬ್ಬಳು. ಹೋಗಲಿ ಬಿಡು, ತ್ರಿಜ್ಯ ಅಳೆಯಲು ಯಾರೂ ಬರುವುದಿಲ್ಲ ಎಂದೆ. ಇನ್ನೊಬ್ಬಳು ತಂತಿಯಿಂದ ಕ್ಯಾನ್ಸರ್ ಬರುತ್ತದೆಂಬ ವಾಟ್ಸ್ಆ್ಯಪ್ ಸಂದೇಶ ತೋರಿಸಿದಳು. ಅದು ಸುಳ್ಳು. ಸಿಯಾಟಲ್‌ನ ಸಂಶೋಧಕರು ಮುಟ್ಟು ನಿಂತ ಹೆಂಗಸರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಾಗೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ, ತಂತಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇಷ್ಟವಿದ್ದವರು ತಂತಿ ಹಾಕಿಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ. ನನಗೆ ಬಿಡಲು ಕ್ಯಾನ್ಸರಿನ ಭಯ ಬೇಕಿರಲಿಲ್ಲ, ಚುಚ್ಚುವುದೊಂದೇ ಸಾಕಾಯಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅಂಗಡಿಕಾರ ಅಣ್ಣಂದಿರಲ್ಲಿ ಒಂದು ವಿನಂತಿ. ತಂತಿ ಇಲ್ಲದ, ಫೋಮಿಲ್ಲದ, ಬರೇ ಹತ್ತಿಯ ಬ್ರಾಗಳನ್ನು 38, 40, 42ರ ತನಕ ತರಿಸಿ ಇಡ್ರಿ. ಮೂಲಿಗೊಂದು ಪರದಿ ಕಟ್ಟಿ, ಒಳಗೊಂದು ಕನ್ನಡಿ ತೂಗಹಾಕ್ರಿ, ಕೌಂಟರಿಗೆ ಒಬ್ಬ ಹೆಣ್ಣುಮಗಳನ್ನ ನಿಲ್ಲಸ್ರಿ. ಗಿರಾಕಿ ಚಿಂತಿ ನಿಮಗ ಬ್ಯಾಡ. ನಮ್ಮ ಸ್ಟಾಫ್ ರೂಮಿನವರನ್ನ ನಾನ ಕರಕೊಂಡ ಬರ್ತೀನಿ, ಆ ಪೇದೆ ತಂಗೀಗೂ ಹೇಳಿ ಕಳಸ್ತೀನಿ.